ನದೀಮೂಲ, ಋಷಿಮೂಲ, ಹಾಡಿನ ಮೂಲ

ಆಗಮನ ಕಾಲದ ಮೊದಲ ವಾರ. ನಮ್ಮ ಧರ್ಮಕೇಂದ್ರದ ಗಾಯನವೃಂದದ ಯುವಕ ಯುವತಿಯರು ರಾತ್ರಿ ಊಟ ಮುಗಿಸಿಕೊಂಡು ಕ್ಯಾರಲ್ ಅಭ್ಯಾಸಕ್ಕೆಂದು ಕೂಡಿದ್ದರು. ಶಹಾಬಾದಿನಿಂದ ಬಂದ ತರುಣನೊಬ್ಬ ತನ್ನ ಮೊಬೈಲ್ ಫೋನನ್ನು ಧ್ವನಿವರ್ಧಕಕ್ಕೆ ಜೋಡಿಸಿ ಹಾಡೊಂದನ್ನು ಕೇಳಿಸಿದ. ಮೊದಲು ಹಳೆಯ ಗ್ರಾಮಾಫೋನ್ ತಟ್ಟೆಯ ಚರಚರ ಸದ್ದು, ಆಮೇಲೆ ತುತ್ತೂರಿ ಸ್ಯಾಕ್ಸೊಫೋನುಗಳ ಒಕ್ಕೊರಲು, ಅದರ ಮೇಲೆ ತೇಲಿಬಂದ ಒಬ್ಬ ಗಂಡಸಿನ ತುಂಬುಕಂಠ ಮತ್ತು ಮೂವರು ಹೆಂಗಳೆಯರ ಹೊಂದಿದ ದನಿ. ಹಾಡು ನಮಗೆಲ್ಲ ಗೊತ್ತಿದ್ದದ್ದೇ: ‘ಜಿಂಗಲ್ ಬೆಲ್ಸ್’. ಆದರೆ ಅದರ ನಡಿಗೆ ಬೇರೆ. ಜೋಕಾಲಿಯ ಮೇಲೆ ಕೂತು ಹಾಡಿದಂತಿತ್ತು. ಹಾಡು ಮುಗಿದ ಮೇಲೆ ತರುಣ ಹೆಮ್ಮೆಯಿಂದ ಹೇಳಿದ: “ಫಾದರ್, ಈ ಹಾಡಿನ ಅಸಲ್ ಇದೇ ನೋಡ್ರಿ. ಈಗಿನವೆಲ್ಲ ಇದರ ನಕಲ್ ಅವ.”

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ವಾಡಿಯ ನಿವೃತ್ತ ರೈಲ್ವೆ ನೌಕರರೊಬ್ಬರು ತಲೆಯಾಡಿಸಿದರು. “ಇದು ಅಸಲ್ ಅಲ್ಲೋ ತಮ್ಮಾ. ನಮ್ಮಪ್ಪ ಇದಕ್ಕಿಂತ ಮೊದಲೇ ಕೇಳ್ಯಾನ. ರೈಲ್ವೆ ಕಾಲನಿಯೊಳಗ ಆಂಗ್ಲೋ-ಇಂಡಿಯನ್ ಡ್ರೈವರ್ ಸಾಹೇಬರ ಮನ್ಯಾಗ ತಟ್ಟಿ ಹಚ್ಚತಿದ್ರು. ಅದು ಸಾದಾ ಹಾಡು, ಹಿಂಗ ತೂಗತಿದ್ದಿಲ್ಲ.” ಇವರಿಬ್ಬರ ಮಾತಿನ ನಡುವೆ ಶಾಲೆಯಲ್ಲಿ ಪಾಠ ಹೇಳುವ ಅಕ್ಕನೊಬ್ಬಳು ಮೆಲ್ಲಗೆ ಕೇಳಿದಳು: “ಅಸಲ್ ನಕಲ್ ಇರ್ಲಿ ಫಾದರ್, ಈ ಹಾಡು ಹಾಡಬಾರದಂತಲ್ರಿ? ಕರಿ ಮಂದೀನ ಹಂಗಿಸ್ಲಾಕ ಹುಟ್ಟಿದ ಹಾಡಂತ ಪೇಪರ್‌ನ್ಯಾಗ ಬಂದಿತ್ತು.”

ಎಲ್ಲರ ಕಣ್ಣುಗಳೂ ನನ್ನತ್ತ ತಿರುಗಿದವು. ಗುರುಮಠದ ದಿನಗಳಿಂದ ಮೊದಲ್ಗೊಂಡು ಡಿಸೆಂಬರ್ ಬಂದಾಗಲೆಲ್ಲ ಈ ಹಾಡನ್ನು ಹಾಡಿದವನು, ಮಕ್ಕಳಿಂದ ಹಾಡಿಸಿದವನು ನಾನು. ಅದು ಎಲ್ಲಿಂದ ಬಂತು, ಯಾರು ಬರೆದರು ಎಂದು ಒಮ್ಮೆಯಾದರೂ ಕೇಳಿಕೊಂಡಿರಲಿಲ್ಲ. “ಒಂದು ವಾರ ಕೊಡಿ, ನೋಡಿ ಹೇಳುತ್ತೇನೆ” ಎಂದೆ. ಆ ವಾರದ ಓದು ಹಾಗೂ ಆಲೋಚನೆಯ ಫಲ ಈ ಲೇಖನ.

‘ನದೀಮೂಲ, ಋಷಿಮೂಲ ಹುಡುಕಬಾರದು’ ಎಂಬುದು ನಮ್ಮ ಹಿರಿಯರ ಮಾತು. ಹುಡುಕುತ್ತ ಹೋದರೆ ಮಹಾನದಿ ಒಂದು ಕೆಸರುಗುಂಡಿಯಲ್ಲಿ ಸಿಕ್ಕೀತು, ಋಷಿಯ ಹಿಂದೆ ಏನೇನೋ ಕಥೆ ಬಿಚ್ಚಿಕೊಂಡೀತು ಎಂಬ ಎಚ್ಚರಿಕೆ ಅದರಲ್ಲಿದೆ. ಆದರೆ ಮೂಲವನ್ನು ಹುಡುಕುವ ಪರಂಪರೆಯೂ ನಮ್ಮ ನೆಲಕ್ಕೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಕಾಗಿಣಾ ನದಿಯ ದಂಡೆಯ ಆ ಕೋಟೆಯ ನೆರಳಿನಲ್ಲಿ 9ನೇ ಶತಮಾನದಲ್ಲಿ ಮೂಡಿದ ‘ಕವಿರಾಜಮಾರ್ಗ’ವನ್ನು ಬರೆದವರು ಯಾರು? ಕೆ.ಬಿ. ಪಾಠಕರು 1898ರಲ್ಲಿ ಅದನ್ನು ಸಂಪಾದಿಸಿದಾಗ ಚಕ್ರವರ್ತಿ ನೃಪತುಂಗನ ಕೃತಿಯೆಂದರು. ಕೃತಿಯೇ ತಾನು ನೃಪತುಂಗನ ಅನುಮತ ಪಡೆದದ್ದೆಂದು ಹೇಳಿಕೊಳ್ಳುವುದರಿಂದ, ಬರೆದಾತ ಆಸ್ಥಾನದ ಶ್ರೀವಿಜಯನೆಂದು ಮುಂದೆ ಹಲವು ವಿದ್ವಾಂಸರು ವಾದಿಸಿದರು. ಈ ಚರ್ಚೆಯಿಂದ ಕವಿರಾಜಮಾರ್ಗದ ಹಿರಿಮೆ ಎಳ್ಳಷ್ಟೂ ಕುಗ್ಗಲಿಲ್ಲ. ಅರಸನ ಹೆಸರಿನ ಹಿಂದೆ ಮರೆಯಾಗಿದ್ದ ಕವಿಯೊಬ್ಬನಿಗೆ ಸಲ್ಲಬೇಕಾದ ಗೌರವದ ಪ್ರಶ್ನೆಯನ್ನು ಮಾತ್ರ ಅದು ನಮ್ಮ ಮುಂದಿಟ್ಟಿತು. ಮೂಲವನ್ನು ಹುಡುಕುವುದು ಕುತೂಹಲಕ್ಕಾಗಿ ಮಾತ್ರವಲ್ಲ, ನ್ಯಾಯಕ್ಕಾಗಿ ಕೂಡ.

ಶಹಾಬಾದಿನ ಖಣಿಗಳಲ್ಲಿ ಫರ್ಸಿ ಕಲ್ಲನ್ನು ತೆಗೆಯುವುದನ್ನು ಓದುಗರಲ್ಲಿ ಹಲವರು ಕಂಡಿದ್ದೀರಿ. ಉಳಿ ಇಟ್ಟು ಮೆಲ್ಲಗೆ ಬಡಿದರೆ ಕಲ್ಲು ಪದರು ಪದರಾಗಿ ಬಿಡುತ್ತದೆ. ಮೇಲಿನ ಪದರನ್ನು ಎತ್ತದೆ ಕೆಳಗಿನದು ಕಾಣುವುದಿಲ್ಲ. ಈ ಹಾಡನ್ನೂ ಹಾಗೆಯೇ ನೋಡೋಣ.

ಹಳತಿನ ಕಂಪು

ತರುಣ ಕೇಳಿಸಿದ್ದು ಅಮೆರಿಕದ ಗಾಯಕ ಬಿಂಗ್ ಕ್ರಾಸ್ಬಿ ಮತ್ತು ಆಂಡ್ರ್ಯೂಸ್ ಸಹೋದರಿಯರು 1943ರಲ್ಲಿ ಡೆಕ್ಕಾ ಕಂಪನಿಗಾಗಿ ಹಾಡಿದ ಮುದ್ರಿಕೆ. ಎರಡನೆಯ ಮಹಾಯುದ್ಧದ ದಿನಗಳು ಅವು. ಅದಕ್ಕೂ ಮುಂಚೆ 1941ರಲ್ಲಿ ಗ್ಲೆನ್ ಮಿಲ್ಲರ್, ಅದಕ್ಕೂ ಹಿಂದೆ 1935ರಲ್ಲಿ ಬೆನ್ನಿ ಗುಡ್‌ಮನ್ ತಮ್ಮ ತಮ್ಮ ವಾದ್ಯವೃಂದಗಳೊಂದಿಗೆ ಇದೇ ಹಾಡನ್ನು ಇದೇ ತೂಗುನಡೆಯಲ್ಲಿ ನುಡಿಸಿದ್ದರು. ಈ ನಡೆಗೆ ಸ್ವಿಂಗ್ ಎಂದು ಹೆಸರು. ಸಾದಾ ನಡೆಯಲ್ಲಿ ಒಂದು ಏಟನ್ನು ಎರಡು ಸಮಭಾಗ ಮಾಡುತ್ತೇವೆ. ಸ್ವಿಂಗಿನಲ್ಲಿ ಮೊದಲ ಭಾಗ ದೀರ್ಘ, ಎರಡನೆಯದು ಹ್ರಸ್ವ. ನಮ್ಮ ತ್ರಿಶ್ರ ನಡೆಯಲ್ಲಿ ಮೊದಲ ಎರಡು ಮಾತ್ರೆಗಳನ್ನು ಕೂಡಿಸಿ ಎಳೆದು, ಮೂರನೆಯದನ್ನು ಚುಟುಕಾಗಿ ಬಿಟ್ಟರೆ ಆಗುವಂತೆ. ಆದ್ದರಿಂದಲೇ ಕೇಳುವವರ ಭುಜ ತಾನಾಗಿ ತೂಗುತ್ತದೆ.

ನಮ್ಮ ತರುಣನಿಗೆ ಅದು ‘ಅಸಲ್’ ಎಂದು ತೋರಿದ್ದೇಕೆ? ತಟ್ಟೆಯ ಚರಚರ ಸದ್ದು, ಮಾಸಿದ ದನಿ, ಇಂದು ಯಾರೂ ಹಾಡದ ರೀತಿ. ಹಳತರ ಕಂಪನ್ನು ನಾವು ಮೂಲದ ಗುರುತೆಂದು ತಿಳಿಯುತ್ತೇವೆ. ಆದರೆ ಈ ಕಂಪನ್ನು ನಂಬುವ ಹಾಗಿಲ್ಲ. ಇಂದಿನ ಸ್ಟುಡಿಯೋಗಳಲ್ಲಿ ನಿನ್ನೆ ಬರೆದ ಹಾಡಿಗೂ ಗ್ರಾಮಾಫೋನಿನ ಚರಚರವನ್ನು ಬೆರೆಸಿ ಎಂಬತ್ತು ವರ್ಷದ ಮುಪ್ಪನ್ನು ಬಳಿಯಬಲ್ಲರು. ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. 1935ರಲ್ಲಿ ಸ್ವಿಂಗ್ ಹಳೆಯದಾಗಿರಲಿಲ್ಲ; ಅಂದಿನ ತರುಣರು ಕುಣಿಯುತ್ತಿದ್ದ ಹೊಚ್ಚಹೊಸ ಫ್ಯಾಷನ್ ಅದು. ಅಂದು ಹೊಸತೆಂದು ಮೆಚ್ಚಿಸಿದ್ದೇ ಇಂದು ಹಳತೆಂದು ಮೆಚ್ಚಿಸುತ್ತಿದೆ.

ಈ ಸ್ವಿಂಗ್ ಯಾರ ಸೃಷ್ಟಿ? ಅಮೆರಿಕದ ಕಪ್ಪು ಜನರದ್ದು. ಹೊಲಗಳಲ್ಲಿ ಗುಲಾಮರಾಗಿ ದುಡಿದವರ ಮಕ್ಕಳು ಮೊಮ್ಮಕ್ಕಳದ್ದು. ಫ್ಲೆಚರ್ ಹೆಂಡರ್‌ಸನ್, ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ ಮೊದಲಾದ ಕಪ್ಪು ಸಂಗೀತಗಾರರು ಅದನ್ನು ಕಟ್ಟಿ ಬೆಳೆಸಿದರು. ಬಿಳಿಯನಾದ ಬೆನ್ನಿ ಗುಡ್‌ಮನ್ನನ ವಾದ್ಯವೃಂದ ಹೆಸರು ಮಾಡಿದ್ದು ಬಹುಮಟ್ಟಿಗೆ ಹೆಂಡರ್‌ಸನ್ ಬರೆದುಕೊಟ್ಟ ವಾದ್ಯಸಂಯೋಜನೆಗಳಿಂದ. ‘ಸ್ವಿಂಗಿನ ರಾಜ’ ಎಂಬ ಬಿರುದು ಮಾತ್ರ ಗುಡ್‌ಮನ್ನನಿಗೆ ಬಂತು. ಅರಸನ ಹೆಸರಿನ ಹಿಂದೆ ಮರೆಯಾಗುವವರು ಮಾನ್ಯಖೇಟದಲ್ಲಿ ಮಾತ್ರ ಇಲ್ಲ.

ಈ ಸಂಗೀತ ನಮ್ಮ ದೇಶಕ್ಕೂ ಬೇಗನೆ ಬಂತು. ಮುಂಬಯಿಯ ತಾಜ್ ಮಹಲ್ ಹೋಟೆಲಿನಲ್ಲಿ 1935ರ ಹೊತ್ತಿಗೆ ಲಿಯಾನ್ ಆಬಿ ಎಂಬ ಅಮೆರಿಕದ ಕಪ್ಪು ಸಂಗೀತಗಾರನ ತಂಡ ನುಡಿಸುತ್ತಿತ್ತು. ಗೋವೆಯ ಧರ್ಮಕೇಂದ್ರಗಳ ಶಾಲೆಗಳಲ್ಲಿ ಪಿಟೀಲು, ಸ್ವರಲಿಪಿ ಕಲಿತ ಕಥೋಲಿಕ ತರುಣರು ಅದನ್ನು ಕೇಳಿ ಕಲಿತರು. ಅವರಲ್ಲಿ ಚಿಕ್ ಚಾಕಲೇಟ್ ಎಂದೇ ಹೆಸರಾದ ಆಂಟೋನಿಯೊ ಕ್ಸೇವಿಯರ್ ವಾಜ್ ಮುಖ್ಯರು. 1951ರ ‘ಅಲಬೇಲಾ’ ಚಿತ್ರದ ಹಾಡುಗಳಲ್ಲಿ ಅವರ ತುತ್ತೂರಿಯ ಸೊಗಸು ಇದೆ. ಅದೇ ಮುಂಬಯಿಯಿಂದ ಮದರಾಸಿಗೆ ಹೋಗುವ ರೈಲು ದಾರಿ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಾಗಿನಿಂದ ಶಹಾಬಾದು, ವಾಡಿಗಳ ಮೇಲೆಯೇ ಹಾಯುತ್ತದೆ. ನಿಜಾಮರ ರೈಲು ದಾರಿ 1874ರಲ್ಲಿ ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂಗಳನ್ನು ದಾಟಿ ಸಿಕಂದರಾಬಾದಿಗೆ ಹೋಯಿತು. ಹಾಗಾಗಿ ವಾಡಿಯ ಹಿರಿಯರ ತಂದೆ ಡ್ರೈವರ್ ಸಾಹೇಬರ ಮನೆಯ ಕಿಟಕಿಯಾಚೆ ನಿಂತು ಕೇಳಿದ ಹಾಡು ನನಗೆ ಅಚ್ಚರಿಯೆನಿಸಲಿಲ್ಲ. ಹಿರಿಯರ ಮಾತು ಸರಿಯಾಗಿಯೇ ಇತ್ತು. ಸ್ವಿಂಗಿಗಿಂತ ಮೊದಲು ಈ ಹಾಡು ತೂಗುತ್ತಿರಲಿಲ್ಲ.

ಮಂಜಿನ ಮೇಲಿನ ಓಟ

ಎರಡನೆಯ ಪದರನ್ನು ಎತ್ತಿದರೆ 1857ಕ್ಕೆ ಬರುತ್ತೇವೆ; ನಮ್ಮ ದೇಶದಲ್ಲಿ ಸಿಪಾಯಿಗಳು ದಂಗೆಯೆದ್ದ ವರ್ಷ. ಆ ಸೆಪ್ಟೆಂಬರಿನಲ್ಲಿ ಬೋಸ್ಟನ್ ನಗರದ ಆಲಿವರ್ ಡಿಟ್ಸನ್ ಪ್ರಕಾಶನ ಸಂಸ್ಥೆ ಈ ಹಾಡನ್ನು ‘ಒಂದು ಕುದುರೆಯ ತೆರೆದ ಜಾರುಬಂಡಿ’ ಎಂಬ ಅರ್ಥದ ಹೆಸರಿನಲ್ಲಿ ಅಚ್ಚು ಹಾಕಿತು. ಬರೆದವನು ಜೇಮ್ಸ್ ಲಾರ್ಡ್ ಪಿಯರ್‌ಪಾಂಟ್. 1859ರಲ್ಲಿ ಮರುಮುದ್ರಣವಾದಾಗಲೇ ‘ಜಿಂಗಲ್ ಬೆಲ್ಸ್’ ಎಂಬುದು ಹೆಸರಿನೊಳಗೆ ಸೇರಿತು. ಇನ್ನೂ ಒಂದು ಮಾತು: ಇಂದು ಲೋಕವೆಲ್ಲ ಹಾಡುವ ಪಲ್ಲವಿಯ ಧಾಟಿ ಪಿಯರ್‌ಪಾಂಟನದಲ್ಲ. 1857ರ ಅಚ್ಚಿನಲ್ಲಿ ಪಲ್ಲವಿಗೆ ಬೇರೆಯೇ ಧಾಟಿಯಿದೆ. ಮುಂದೆ ಯಾವನೋ ಹೆಸರಿಲ್ಲದವನು ಅದನ್ನು ತಿದ್ದಿ ಹಗುರಗೊಳಿಸಿದ. ಲೋಕ ಆ ತಿದ್ದುಪಡಿಯನ್ನೇ ಹಾಡಿತು.

ಹಾಡಿನ ಸಾಹಿತ್ಯವನ್ನು ಸಾವಧಾನವಾಗಿ ಓದಿದಾಗ ನನಗೆ ನಗು ಬಂತು. ಅದರಲ್ಲಿ ಬಾಲಯೇಸುವಿಲ್ಲ, ಮರಿಯಮ್ಮನಿಲ್ಲ, ಕುರಿಗಾಹಿಗಳಿಲ್ಲ, ಕ್ರಿಸ್‌ಮಸ್ ಎಂಬ ಪದವೂ ಇಲ್ಲ. ಒಬ್ಬ ತರುಣ ಹಿಮದ ಮೇಲೆ ಜಾರುವ ಬಂಡಿಗೆ ಕುದುರೆ ಕಟ್ಟಿ, ಒಬ್ಬ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸುತ್ತಾನೆ. ಸೊರಗಿದ ಕುದುರೆ ಬಂಡಿಯನ್ನು ಹಿಮದ ಗುಡ್ಡೆಗೆ ಹಾಯಿಸಿ ಇಬ್ಬರನ್ನೂ ಕೆಡವುತ್ತದೆ. ಮುಂದಿನ ನುಡಿಗಳಲ್ಲಿ ಇನ್ನಷ್ಟು ಬೀಳುಗಳು, ಕಡೆಗೆ ಗೆಳೆಯರಿಗೆ ವೇಗದ ಕುದುರೆ ಹಿಡಿದು ಓಡಿಸಿರೆಂಬ ಬುದ್ಧಿಮಾತು. ಗಂಟೆಗಳಾದರೂ ದೇವಾಲಯದ ಗಂಟೆಗಳಲ್ಲ. ಹಿಮದ ಮೇಲೆ ಜಾರುಬಂಡಿ ಸದ್ದಿಲ್ಲದೆ ಬರುತ್ತದೆ. ದಾರಿಹೋಕರು ಎಚ್ಚರಾಗಲೆಂದು ಕುದುರೆಯ ಪಟ್ಟಿಗೆ ಗೆಜ್ಜೆ ಕಟ್ಟುತ್ತಿದ್ದರು. ಚಿಂಚೋಳಿಯ ಕಡೆ ಜಾತ್ರೆಗೆ ಹೊರಟ ಎತ್ತುಗಳ ಕೊರಳ ಗೆಜ್ಜೆಸರವನ್ನು ನೆನೆದುಕೊಳ್ಳಿ. ಜಾತ್ರೆಯ ಬಂಡಿಯೋಟದಲ್ಲಿ ಪೋರನೊಬ್ಬ ಬಿದ್ದ ಕಥೆಯ ಹಾಡನ್ನು ಯಾರೋ ದೂರದೇಶಕ್ಕೆ ಒಯ್ದು, ಅಲ್ಲಿಯ ಜನ ಅದನ್ನು ಭಕ್ತಿಗೀತೆಯೆಂದು ಕೈಮುಗಿದು ಹಾಡಿದರೆ ಹೇಗಿದ್ದೀತು! ನಾವು ಮಾಡುತ್ತ ಬಂದದ್ದು ಬಹುಶಃ ಅದನ್ನೇ. ಹಿಮವೆಂಬುದನ್ನು ಕಣ್ಣಾರೆ ಕಾಣದ ನಮ್ಮ ಮಕ್ಕಳು ಡಿಸೆಂಬರಿನ ತೊಗರಿ ಹೊಲಗಳ ನಡುವೆ ನಿಂತು ಹಿಮದ ಬಂಡಿಯ ಹಾಡನ್ನು ಹಾಡುತ್ತಾರೆ.

ಇಷ್ಟು ಹಗುರವಾದ ಹಾಡಿಗಾಗಿ ಅಮೆರಿಕದ ಎರಡು ಊರುಗಳು ಜಗಳಾಡಿವೆ. ಮ್ಯಾಸಚೂಸೆಟ್ಸ್ ರಾಜ್ಯದ ಮೆಡ್‌ಫರ್ಡ್ ಪಟ್ಟಣದಲ್ಲಿ, 1850ರಲ್ಲಿ ಇಲ್ಲಿಯ ಛತ್ರವೊಂದರಲ್ಲಿ ಹಾಡು ಹುಟ್ಟಿತೆಂಬ ಫಲಕವಿದೆ. ಜಾರ್ಜಿಯಾ ರಾಜ್ಯದ ಸವಾನಾ ನಗರದಲ್ಲಿ, ಪಿಯರ್‌ಪಾಂಟ್ ಆರ್ಗನ್ ನುಡಿಸುತ್ತಿದ್ದ ದೇವಾಲಯದ ಎದುರಿಗೆ ಇನ್ನೊಂದು ಫಲಕವಿದೆ. ಸ್ಥಳಪುರಾಣಗಳ ಗುಣವೇ ಹಾಗೆ. ಕಲ್ಲಿನಲ್ಲಿ ಕೊರೆದ ಕೂಡಲೇ ಅವು ಇತಿಹಾಸದಂತೆ ಕಾಣಲಾರಂಭಿಸುತ್ತವೆ.

ಮಸಿ ಬಳಿದ ಮುಖ

ಕೈನಾ ಹ್ಯಾಮಿಲ್ ಎಂಬ ವಿದುಷಿ ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ ರಂಗಭೂಮಿಯ ಇತಿಹಾಸದ ಅಧ್ಯಯನ ಮಾಡಿದವರು. ಈ ಎರಡು ಊರುಗಳ ವಾದವನ್ನು ಪರೀಕ್ಷಿಸಲು ಹೊರಟ ಅವರು ಮೂರನೆಯ ಪದರನ್ನು ಮುಟ್ಟಿದರು. 2017ರಲ್ಲಿ ಅವರ ಸಂಶೋಧನೆ ಪ್ರಕಟವಾಯಿತು. 1850ರ ವೇಳೆಗೆ ಪಿಯರ್‌ಪಾಂಟ್ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದನಾದ್ದರಿಂದ ಮೆಡ್‌ಫರ್ಡಿನ ಕಥೆ ನಿಲ್ಲದು ಎಂದು ತೋರಿಸಿದ್ದಲ್ಲದೆ, ಹಾಡು ಮೊದಲು ರಂಗದ ಮೇಲೆ ಬಂದ ದಿನವನ್ನೂ ಅವರು ಪತ್ತೆ ಮಾಡಿದರು: 1857ರ ಸೆಪ್ಟೆಂಬರ್ 15, ಬೋಸ್ಟನ್ನಿನ ಆರ್ಡ್‌ವೇ ಹಾಲ್. ಹಾಡಿದವನು ಜಾನಿ ಪೆಲ್ ಎಂಬ ಬಿಳಿಯ ನಟ. ಅವನು ಮುಖಕ್ಕೆ ಮಸಿ ಬಳಿದುಕೊಂಡಿದ್ದ.

ಇದಕ್ಕೆ ಮಿನ್‌ಸ್ಟ್ರೆಲ್ ಪ್ರದರ್ಶನವೆಂದು ಹೆಸರು. ಸುಟ್ಟ ಬೆಂಡಿನ ಮಸಿಯನ್ನು ಮುಖಕ್ಕೆ ಹಚ್ಚಿಕೊಂಡ ಬಿಳಿಯರು ಕಪ್ಪು ಜನರ ನಡೆ, ನುಡಿ, ನಗು, ಹಾಡುಗಳನ್ನು ವಿಕಾರವಾಗಿ ಅಣಕಿಸುತ್ತಿದ್ದರು. ಬಿಳಿಯ ಪ್ರೇಕ್ಷಕರು ಹಣ ಕೊಟ್ಟು ಬಂದು ನಗುತ್ತಿದ್ದರು. ಜಾರುಬಂಡಿಯ ಹಾಡುಗಳು ಆ ಪ್ರದರ್ಶನಗಳಲ್ಲಿ ಒಂದು ರೂಢಿಯ ವಸ್ತುವಾಗಿದ್ದವೆಂದು ಹ್ಯಾಮಿಲ್ ತೋರಿಸಿದ್ದಾರೆ. ಅದೇ ಕಾಲದಲ್ಲಿ ಆ ದೇಶದ ದಕ್ಷಿಣದ ರಾಜ್ಯಗಳಲ್ಲಿ ಲಕ್ಷಾಂತರ ಕಪ್ಪು ಜನರು ಮಾರಾಟದ ಸರಕಾಗಿದ್ದರು. ಇದನ್ನು ಓದುವಾಗ ನಮಗೂ ಮುಟ್ಟಿ ನೋಡಿಕೊಳ್ಳುವಂಥದ್ದೊಂದಿದೆ. ಕಲಬುರಗಿ ಸೀಮೆಯ ನಮ್ಮ ಮಾತನ್ನು ನಾಟಕ, ಸಿನಿಮಾಗಳಲ್ಲಿ ನಗೆಯ ಸರಕಾಗಿ ಬಳಸಿದಾಗ ನಮಗೆ ಆಗುವ ಕಸಿವಿಸಿಯನ್ನು ನೆನೆಯೋಣ. ಕೇರಿಯ ಜನರ ಮಾತನ್ನು ಅಣಕಿಸಿ ನಾವೇ ನಕ್ಕ ಸಂದರ್ಭಗಳನ್ನೂ ನೆನೆಯೋಣ.

ಪಿಯರ್‌ಪಾಂಟನ ಬದುಕು ಈ ಕಥೆಗೆ ಇನ್ನಷ್ಟು ಕಹಿಯನ್ನು ಬೆರೆಸುತ್ತದೆ. ಅವನ ತಂದೆ ಜಾನ್ ಪಿಯರ್‌ಪಾಂಟ್ ಯೂನಿಟೇರಿಯನ್ ಸಭೆಯ ಬೋಧಕ, ಕವಿ, ಗುಲಾಮಗಿರಿಯ ಕಡುವಿರೋಧಿ. ಮಗ ದಕ್ಷಿಣಕ್ಕೆ ಹೋಗಿ ನೆಲೆಸಿದ. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟ ದಕ್ಷಿಣದ ಸೈನ್ಯವನ್ನು ಸೇರಿ, ಅದಕ್ಕಾಗಿ ರಣಗೀತೆಗಳನ್ನೂ ಬರೆದ. ಮುದಿ ತಂದೆ ಉತ್ತರದ ಸೈನ್ಯದಲ್ಲಿ ಬೋಧಕನಾಗಿ ಸೇವೆ ಸಲ್ಲಿಸಿದ. ಒಂದೇ ಮನೆ, ಎರಡು ಪಾಳೆಯ. 1893ರಲ್ಲಿ ಜೇಮ್ಸ್ ತೀರಿಕೊಂಡಾಗ ತನ್ನ ಹಾಡು ಇಷ್ಟು ದೂರ ಹೋದೀತೆಂದು ಎಣಿಸಿರಲಾರ. 1965ರ ಡಿಸೆಂಬರ್ 16ರಂದು ಜೆಮಿನಿ-6 ನೌಕೆಯ ಇಬ್ಬರು ಯಾತ್ರಿಗಳು ಅದನ್ನು ಬಾಯಿಹಾರ್ಮೋನಿಕಾ ಮತ್ತು ಗೆಜ್ಜೆಗಳಿಂದ ಬಾಹ್ಯಾಕಾಶದಲ್ಲೂ ನುಡಿಸಿದರು.

ಹ್ಯಾಮಿಲ್ ಅವರ ಸಂಶೋಧನೆಯನ್ನು ಪತ್ರಿಕೆಗಳು ‘ಜಿಂಗಲ್ ಬೆಲ್ಸ್ ಜನಾಂಗದ್ವೇಷದ ಹಾಡು’ ಎಂಬ ಧಾಟಿಯಲ್ಲಿ ಪ್ರಕಟಿಸಿದವು. 2021ರಲ್ಲಿ ನ್ಯೂಯಾರ್ಕ್ ರಾಜ್ಯದ ಬ್ರೈಟನ್ ಪಟ್ಟಣದ ಪ್ರಾಥಮಿಕ ಶಾಲೆಯೊಂದು ಹಾಡನ್ನು ಕೈಬಿಟ್ಟ ಸುದ್ದಿಯೂ ಬಂತು. ಆದರೆ ಸ್ವತಃ ಹ್ಯಾಮಿಲ್, ತಾವು ಬರೆದದ್ದು ಮೊದಲ ಪ್ರದರ್ಶನದ ಇತಿಹಾಸವನ್ನು ಮಾತ್ರ, ಮಕ್ಕಳು ಇಂದು ಅದನ್ನು ಹಾಡಬಾರದೆಂದು ತಾವು ಹೇಳಿಲ್ಲವೆಂದು ಸ್ಪಷ್ಟಪಡಿಸಿದರು. ನಮ್ಮ ಅಕ್ಕ ಪೇಪರಿನಲ್ಲಿ ಓದಿದ್ದು ಅರ್ಧಸತ್ಯ. ಅರ್ಧವಾದರೂ ಸತ್ಯವೇ.

ಹಲಗೆಯ ಪಾಠ

ಇಷ್ಟನ್ನು ತಿಳಿದ ಮೇಲೆ ಎರಡು ಸುಲಭದ ಉತ್ತರಗಳು ಎದುರಾಗುತ್ತವೆ. ‘ಹಾಡು ಹಾಡಷ್ಟೆ, ಹಳೆಯದನ್ನು ಕೆದಕಬೇಡಿ’ ಎಂಬುದು ಮೊದಲನೆಯದು. ‘ಮೂಲ ಕೆಟ್ಟಿದೆ, ಆದ್ದರಿಂದ ಹಾಡನ್ನೇ ಬಿಟ್ಟುಬಿಡಿ’ ಎಂಬುದು ಎರಡನೆಯದು. ಮೊದಲನೆಯದು ನೊಂದವರನ್ನು ಮರೆಯುತ್ತದೆ. ಎರಡನೆಯದೂ ಅವರನ್ನೇ ಮರೆಯುತ್ತದೆ. ಇದು ನನಗೆ ಅರಿವಾದದ್ದು ಪುಸ್ತಕದಿಂದಲ್ಲ.

ಕೆಲವು ವರ್ಷಗಳ ಹಿಂದೆ ಚಿಂಚೋಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕ್ರಿಸ್ತಜಯಂತಿಯ ಬಲಿಪೂಜೆಯ ಸಿದ್ಧತೆ ನಡೆದಿತ್ತು. ನಮ್ಮದೇ ನೆಲದ ವಾದ್ಯವೆಂಬ ಉತ್ಸಾಹದಿಂದ ನಾನು ಹಲಗೆ ಬಾರಿಸಲು ಸೂಚಿಸಿದೆ. ಕೂಟದಲ್ಲಿದ್ದ ಹಿರಿಯರೊಬ್ಬರ ಮುಖ ಗಂಟಿಕ್ಕಿತು. “ಬ್ಯಾಡ್ರಿ ಫಾದರ್,” ಎಂದರು. “ನಮ್ಮಪ್ಪ ಈ ಹಲಗಿ ಹೆಗಲಿಗಿ ಹಾಕ್ಕೊಂಡು ಗೌಡ್ರ ಮನಿ ಮುಂದ ಬಡೀತಿದ್ದ. ಊರಾಗ ಯಾರ ಸತ್ರೂ ಬಡೀಬೇಕು, ಬ್ಯಾಡಂದ್ರ ಹೊಡ್ತ. ಅದನ್ನ ಬಿಡ್ಲಾಕಂತೇ ನಾ ಶಾಲಿಗಿ ಹೋಗೀನಿ.” ನಾನು ನಾಚಿದೆ. ಜಾನಪದವೆಂದು ನಾನು ಮೆಚ್ಚಿಕೊಂಡದ್ದು ಅವರಿಗೆ ಬಿಟ್ಟಿಚಾಕರಿಯ ಗುರುತಾಗಿತ್ತು. ವಾದ್ಯದ ಮೂಲವನ್ನು ಕೇಳದೆ ನಾನು ಅದರ ಸೊಗಸನ್ನು ಮಾತ್ರ ಕೇಳಿದ್ದೆ. ಆ ವರ್ಷ ಹಲಗೆ ಬರಲಿಲ್ಲ.

ಮೂರು ವರ್ಷಗಳ ಬಳಿಕ ಅದೇ ಹಳ್ಳಿಗೆ ಹೋದಾಗ, ಪೂಜೆ ಮುಗಿದು ಜನ ಗೋದಲಿಯ ಮುಂದೆ ನೆರೆದಿದ್ದ ಹೊತ್ತಿನಲ್ಲಿ ಹಲಗೆಯ ಸದ್ದು ಕೇಳಿಸಿತು. ಆ ಹಿರಿಯರ ಮಗನೇ ಬಾರಿಸುತ್ತಿದ್ದ. ಕಾಲೇಜು ಓದಿದ ಹುಡುಗ. ಹಿರಿಯರು ಹಿಂದೆ ಗೋಡೆಗೊರಗಿ ಕುಳಿತಿದ್ದರು. ನಾನು ಅಳುಕುತ್ತಲೇ ಹತ್ತಿರ ಹೋದೆ. ಅವರು ಹೇಳಿದ್ದು ಇಷ್ಟೇ: “ಇವತ್ತು ಬಡಿ ಅಂತ ಯಾರೂ ಹೇಳಿಲ್ರಿ. ಅವನಾಗೇ ಬಡ್ಯಾಕತ್ಯಾನ.”

ಅದೇ ತೊಗಲು, ಅದೇ ಕಟ್ಟಿಗೆ, ಅದೇ ಏಟು. ಬದಲಾದದ್ದು ಬಾರಿಸುವವನ ಸ್ವಾತಂತ್ರ್ಯ. ಮತ್ತೆ ಬಾರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ನನ್ನದಾಗಿರಲಿಲ್ಲ, ಅವರದಾಗಿತ್ತು ಎಂಬುದೂ ಅಂದು ತಿಳಿಯಿತು.

ಈ ಬೆಳಕಿನಲ್ಲಿ ನಮ್ಮ ಹಾಡನ್ನು ಮತ್ತೆ ನೋಡೋಣ. ಬಿಳಿಯನೊಬ್ಬ ಮಸಿ ಬಳಿದುಕೊಂಡು ಅಣಕಿಸಿ ಹಾಡಿದ ಹಾಡನ್ನು ಸುಮಾರು ನೂರು ವರ್ಷಗಳ ನಂತರ, 1960ರಲ್ಲಿ, ಎಲ್ಲಾ ಫಿಟ್ಜ್‌ಜೆರಲ್ಡ್ ಎಂಬ ಮಹಾನ್ ಕಪ್ಪು ಗಾಯಕಿ ತನ್ನ ಕ್ರಿಸ್‌ಮಸ್ ಧ್ವನಿಮುದ್ರಿಕೆಯ ಮೊದಲ ಹಾಡಾಗಿ ಹಾಡಿದಳು. 1962ರಲ್ಲಿ ಡ್ಯೂಕ್ ಎಲಿಂಗ್ಟನ್ ತನ್ನ ವಾದ್ಯವೃಂದದೊಂದಿಗೆ ಅದನ್ನು ನುಡಿಸಿದ. ಇಬ್ಬರೂ ತಮ್ಮ ಜನ ಕಟ್ಟಿದ ಸ್ವಿಂಗ್ ನಡೆಯಲ್ಲೇ ನುಡಿಸಿ ಹಾಡಿದರು. ಎಲ್ಲಾ ಹಾಡುವುದನ್ನು ಕೇಳಿದರೆ ಅಲ್ಲಿ ಅಣಕವಿಲ್ಲ, ಮುನಿಸೂ ಇಲ್ಲ. ತನ್ನ ಮನೆಯಂಗಳದಲ್ಲಿ ತಾನು ಆಡುವವಳ ನಿರಾಳತೆ ಇದೆ. ಸ್ವಿಂಗ್ ನಡೆ ಈ ಹಾಡಿನ ಮೂಲವಲ್ಲ, ನಿಜ. ಆದರೆ ಅದು ಬರೀ ಒಂದು ಹಳೆಯ ಫ್ಯಾಷನ್ನೂ ಅಲ್ಲ. ಅಣಕಕ್ಕೆ ಗುರಿಯಾದವರು ಆ ಹಾಡಿಗೆ ಕೊಟ್ಟ ಹೊಸ ನಡಿಗೆ ಅದು. ಹಾಡನ್ನು ಪೂರ್ತಿ ನಿಷೇಧಿಸಿದರೆ ಆರ್ಡ್‌ವೇ ಹಾಲಿನ ನಗುವಿನ ಜೊತೆಗೆ ಈ ಕಪ್ಪು ಗಾಯಕಿಯ ದನಿಯನ್ನೂ ಅಳಿಸಿದಂತಾಗುತ್ತದೆ.

ದೇವಾಲಯದ ಒಳಗೆ, ಬೀದಿಯ ಮೇಲೆ

ಹಾಗಾದರೆ ಈ ಹಾಡನ್ನು ನಡುರಾತ್ರಿಯ ಬಲಿಪೂಜೆಯಲ್ಲಿ ಹಾಡಬಹುದೇ? ಬೇಡವೆಂಬುದು ನನ್ನ ಅಭಿಪ್ರಾಯ. ಕಾರಣ ಮಾತ್ರ ಅದರ ಮೂಲವಲ್ಲ, ಅದರ ಮಾತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನಾ ಸಂವಿಧಾನವು ಎರಡು ಸಂಗತಿಗಳನ್ನು ಹೇಳುತ್ತದೆ. ಪೂಜೆಯ ಹಾಡಿನ ಸಾಹಿತ್ಯ ಮುಖ್ಯವಾಗಿ ಪವಿತ್ರ ಗ್ರಂಥದಿಂದಲೂ ಆರಾಧನೆಯ ಮೂಲಗಳಿಂದಲೂ ಬರಬೇಕು ಎಂಬುದು ಒಂದು. ಆಯಾ ಜನರ ಸ್ವಂತ ಸಂಗೀತ ಪರಂಪರೆಗೆ ಸಲ್ಲಬೇಕಾದ ಮನ್ನಣೆ ಸಲ್ಲಬೇಕು ಎಂಬುದು ಇನ್ನೊಂದು. ಜಾರುಬಂಡಿಯ ಪೋರ ಮೊದಲ ಪರೀಕ್ಷೆಯಲ್ಲೇ ಬೀಳುತ್ತಾನೆ. ಎರಡನೆಯದು ನಮಗೆ ಹಾಕಿದ ಸವಾಲು: ನಮ್ಮ ಭಜನೆಯ ಧಾಟಿ, ತತ್ವಪದದ ಲಯ, ಲಂಬಾಣಿ ತಾಂಡಾಗಳ ಹಾಡಿನ ಸೊಗಸುಗಳಿಗೆ ನಾವು ಎಷ್ಟು ಜಾಗ ಕೊಟ್ಟಿದ್ದೇವೆ?

ಬೇರೆ ದೇಶದ ಹಾಡೇ ಬೇಕೆಂದರೂ ಆಯ್ಕೆಗೆ ಬಡತನವಿಲ್ಲ. ನಮ್ಮ ಊರುಗಳಲ್ಲಿ ‘ಮೇರೀಸ್ ಬಾಯ್ ಚೈಲ್ಡ್’ ಹಾಡನ್ನು 1978ರ ಬೋನಿ ಎಂ ತಂಡದ್ದೆಂದೇ ಬಹಳ ಮಂದಿ ತಿಳಿದಿದ್ದಾರೆ. ಅದನ್ನು ಬರೆದವರು ಜೆಸ್ಟರ್ ಹೇರ್‌ಸ್ಟನ್. ಅವರ ಅಜ್ಜ ಅಜ್ಜಿಯರು ಗುಲಾಮರಾಗಿದ್ದವರು. 1956ರಲ್ಲಿ ಹ್ಯಾರಿ ಬೆಲಫಾಂಟೆಯ ಕಂಠದಲ್ಲಿ ಅದು ಲೋಕಪ್ರಸಿದ್ಧವಾಯಿತು. ಇಲ್ಲಿ ಮೂಲವನ್ನು ಹುಡುಕಿದರೆ ಹಾಡು ಹಿಗ್ಗುತ್ತದೆ. ‘ಸೈಲೆಂಟ್ ನೈಟ್’ ಗೀತೆಯೂ ಹಾಗೆಯೇ. ಅದನ್ನು ಹೈಡನ್, ಮೊಝಾರ್ಟರಂಥ ಮಹಾಸಂಗೀತಗಾರರ ಕೃತಿಯೆಂದು ಬಹುಕಾಲ ನಂಬಿದ್ದರು. ಬರ್ಲಿನ್ನಿನಿಂದ ವಿಚಾರಣೆ ಬಂದಾಗ 1854ರಲ್ಲಿ ಫ್ರಾನ್ಜ್ ಗ್ರೂಬರ್ ಎಂಬ ಶಾಲಾ ಮಾಸ್ತರರು, 1818ರ ಕ್ರಿಸ್‌ಮಸ್ ಮುನ್ನಾದಿನ ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಯೋಸೆಫ್ ಮೋರ್ ಎಂಬ ಸಹಾಯಕ ಗುರುಗಳ ಕವಿತೆಗೆ ತಾವೇ ರಾಗ ಹಾಕಿದ್ದನ್ನು ಬರೆದು ತಿಳಿಸಿದರು. ಮೋರ್ ಅವರ ಕೈಬರಹದ ಪ್ರತಿ 1995ರಲ್ಲಿ ಸಿಕ್ಕಾಗ ಉಳಿದ ಸಂಶಯವೂ ಹರಿಯಿತು. ಮಹಾಸಂಗೀತಗಾರರ ಹೆಸರಿನ ಕೆಳಗಿನಿಂದ ಒಬ್ಬ ಹಳ್ಳಿಯ ಮಾಸ್ತರ, ಒಬ್ಬ ಬಡ ಗುರು ಹೊರಬಂದರು.

ಒಂದು ವಾರದ ಬಳಿಕ ಇದನ್ನೆಲ್ಲ ಗಾಯನವೃಂದದ ಮುಂದಿಟ್ಟೆ. ತೀರ್ಮಾನ ಅವರದೇ. ಬಲಿಪೂಜೆಗೆ ಕನ್ನಡದ ಗೀತೆಗಳು. ಕ್ಯಾರಲ್ ತಿರುಗಾಟದಲ್ಲಿ, ಮನೆಗಳ ಅಂಗಳದಲ್ಲಿ, ಸ್ವಿಂಗ್ ನಡೆಯ ‘ಜಿಂಗಲ್ ಬೆಲ್ಸ್’. ಆದರೆ ಹಾಡುವ ಮುನ್ನ ಅದು ಎಲ್ಲಿಂದ ಬಂತೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕೆಂದು ಶಾಲೆಯ ಅಕ್ಕ ಹಟ ಹಿಡಿದಳು. ವಾಡಿಯ ರೈಲ್ವೆ ಕಾಲನಿಯಲ್ಲಿ ಆ ಹಿರಿಯರ ಮನೆಯ ಮುಂದೆ ನಿಂತು ಶಹಾಬಾದಿನ ತರುಣ ಆ ಎರಡು ಮಾತುಗಳನ್ನು ಹೇಳಿದ. “ಇದು ದೇವರ ಹಾಡಲ್ಲ, ಬಂಡಿ ಹಾಡು. ಮೊದಲು ಇದನ್ನ ಕಪ್ಪು ಮಂದೀನ ಹಂಗಿಸಿ ಹಾಡಿದ್ರು, ಆಮ್ಯಾಲ ಅವರೇ ಇದನ್ನ ತಮ್ಮ ನಡಿಗಿಗಿ ತಂದ್ರು. ನಾವು ಅವರ ನಡಿಗೀಲೇ ಹಾಡ್ತೀವಿ.” ಹಾಡು ಶುರುವಾಯಿತು. ಹಿರಿಯರು ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದರು. ಕೊನೆಗೆ, “ನಮ್ಮಪ್ಪ ಕೇಳಿದ್ದು ಹಿಂಗಿರಲಿಲ್ಲ ಬಿಡು,” ಎಂದವರು, ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಲು ಹೇಳಿದರು.

ನದಿಯ ಮೂಲವನ್ನು ಹುಡುಕಿದ ಮಾತ್ರಕ್ಕೆ ನೀರು ಕುಡಿಯುವುದನ್ನು ಯಾರೂ ಬಿಡುವುದಿಲ್ಲ. ಯಾರ ಊರಿನ ಮೇಲೆ ಹಾದು ಬಂತು, ಅಲ್ಲಿ ಯಾರನ್ನು ಮುಳುಗಿಸಿತು, ಯಾರು ಅದನ್ನು ತಿಳಿಗೊಳಿಸಿದರು ಎಂದು ತಿಳಿದು ಕುಡಿಯುತ್ತಾರೆ. ಈ ಡಿಸೆಂಬರಿನಲ್ಲಿ ನಿಮ್ಮ ಮಕ್ಕಳು ಈ ಹಾಡನ್ನು ಹಾಡಿದರೆ ತಡೆಯಬೇಡಿ. ಹಾಡಿ ಮುಗಿದ ಮೇಲೆ ಹತ್ತಿರ ಕೂರಿಸಿಕೊಂಡು ಅದರ ಕಥೆಯನ್ನು ಹೇಳಿ.